ಎರಡೂ ಬದಿ ನೋಡಬೇಕಿತ್ತು

ಗಲಗಲಿಯ ಒಬ್ಬ ಅಜ್ಜಿಯ ಮೇಲೆ ಬಂದ ಆಪಾದನೆಗೆ ಕಾರಣ ನಾನು ಬರೆದ ವರದಿ.

ಆಗ ನಾನು ಈ ಕೃಷ್ಣಾ ತೀರದ ಊರುಗಳಿಂದ ಬರುವ ಶವಗಳ ಪರೀಕ್ಷೆ ಮಾಡುತ್ತಿದ್ದ ಕಿರಿಯ ವೈದ್ಯ. ಬಾಣಂತನಕ್ಕೆ ತವರಿಗೆ ಬಂದಿದ್ದ ಹೆಣ್ಣುಮಗಳ ಮೂರು ತಿಂಗಳ ಕೂಸು ಮಲಗಿದಲ್ಲೇ ತೀರಿಕೊಂಡಿತ್ತು. ನೆತ್ತಿಯ ಚರ್ಮ ಸರಿಸಿದಾಗ ಬಲಗಡೆಯ ಪೆರೈಟಲ್ ಎಲುಬಿನಲ್ಲಿ ಗೆರೆಯೊಂದು ಕಂಡಿತು. ತಲೆಬುರುಡೆ ಒಡೆದಿದೆ ಎಂದು ಬರೆದೆ. ಪೊಲೀಸರು ಕೂಸಿಗೆ ದಿನಾ ಎಣ್ಣೆ ಹಚ್ಚಿ ಎರೆಯುತ್ತಿದ್ದ ಅಜ್ಜಿಯನ್ನು ವಿಚಾರಿಸತೊಡಗಿದರು. ಎರೆಯುವಾಗ ಕೈಜಾರಿಸಿದಳು ಎಂದು ಓಣಿಯೂ ಆಡಿಕೊಂಡಿತು. “ಓಣ್ಯಾಗಿನ ಎಷ್ಟ ಕೂಸಿಗೆ ಎರದೀನ್ರೀ ಸಾಹೇಬ್ರ, ಇದನ್ನ ನಾ ಕೆಡವಿಲ್ರೀ” ಎಂದು ಆಕೆ ಅತ್ತರೂ ನಾನು ವರದಿಯನ್ನು ಮತ್ತೆ ತೆರೆಯಲಿಲ್ಲ.

ಕೊನೆಗೆ ಶವಪರೀಕ್ಷೆಯ ಫೋಟೋ ನೋಡಿದ ಹಿರಿಯ ತಜ್ಞರು, “ಎಡಗಡೆ ಏನಿತ್ತು?” ಎಂದು ಕೇಳಿದರು. ಎಡಗಡೆಯೂ ಅದೇ ಜಾಗದಲ್ಲಿ ಅಂಥದೇ ಗೆರೆಯಿತ್ತು.

ಪೆರೈಟಲ್ ಎಲುಬು ಗರ್ಭದಲ್ಲಿ ಎರಡು ಕೇಂದ್ರಗಳಿಂದ ಬೆಳೆಯುತ್ತದೆ. ಅವು ಪೂರ್ತಿ ಕೂಡದಿದ್ದರೆ ನಡುವೆ ಹೆಚ್ಚುವರಿ ಬೆಸುಗೆಗೆರೆ ಉಳಿಯುತ್ತದೆ. ಅದರ ಅಂಚು ಅಂಕುಡೊಂಕು. ಪಕ್ಕದ ಸಹಜ ಬೆಸುಗೆಗೆ ಹೋಗಿ ಸೇರುತ್ತದೆ. ಎಷ್ಟೋ ಸಲ ಎರಡೂ ಬದಿ ಇರುತ್ತದೆ. ಹೊಸ ಮುರಿತದ ಅಂಚು ಚೂಪು, ಗೆರೆ ಸಾಮಾನ್ಯವಾಗಿ ನೇರ, ಅದರ ಮೇಲಿನ ಚರ್ಮದಡಿ ಬಹುಮಟ್ಟಿಗೆ ರಕ್ತ ಮಡುಗಟ್ಟಿರುತ್ತದೆ. ರಕ್ತಸ್ರಾವವಿಲ್ಲ ಎಂದು ನಾನೇ ಬರೆದಿದ್ದೆ. ಅದೇ ಹಾಳೆಯಲ್ಲಿ ಮುರಿತ ಎಂದೂ ಬರೆಯುವಾಗ ಕೈ ತಡೆಯಬೇಕಿತ್ತು. ಸಾವಿನ ಕಾರಣ ಬೇರೆಯೇ ಇತ್ತು: ಸೂಕ್ಷ್ಮದರ್ಶಕದಡಿ ಶ್ವಾಸಕೋಶದಲ್ಲಿ ಕಂಡದ್ದು ನ್ಯುಮೋನಿಯಾ.

ಅಭಿಪ್ರಾಯ ತಿದ್ದಿ ಕಳಿಸಿದೆ, ವಿಚಾರಣೆ ನಿಂತಿತು. ಆದರೆ ಮೊಮ್ಮಗುವಿಗಾಗಿ ಅಳಬೇಕಾದ ದಿನಗಳನ್ನು ಆ ಅಜ್ಜಿ ತಾನು ತಪ್ಪಿತಸ್ಥಳಲ್ಲ ಎಂದು ಹೇಳುವುದರಲ್ಲೇ ಕಳೆದಳು. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಹಾಗಂತ ಸಂಶಯವನ್ನೇ ಬಿಡಬೇಕೆಂದಲ್ಲ. ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲೇ ಜಗತ್ತಿಗೆ ತೋರಿಸಿದಂತೆ, ಮನೆಯೊಳಗೇ ಪೆಟ್ಟು ತಿಂದ ಕೂಸಿಗೆ ಅದರ ಎಲುಬೇ ಸಾಕ್ಷಿ ಹೇಳುವುದುಂಟು. ಆ ಸಾಕ್ಷಿಯನ್ನು ಸರಿಯಾಗಿ ಓದುವ ಹೊಣೆ ನಮ್ಮದು. ಮುರಿತ ನಿಜವೇ ಆಗಿದ್ದರೂ, ಸೋದರಿಕೆಯ ಮದುವೆಗಳು ಇನ್ನೂ ನಡೆಯುವ ನಮ್ಮ ಭಾಗದಲ್ಲಿ, ಹುಟ್ಟಿನಿಂದಲೇ ಎಲುಬು ಪೆಡಸಾಗಿಸುವ ಆಸ್ಟಿಯೋಜೆನೆಸಿಸ್ ಇಂಪರ್‌ಫೆಕ್ಟಾದಂಥ ಕಾಯಿಲೆಗಳನ್ನೂ, ರಿಕೆಟ್ಸನ್ನೂ ನೆನಪಿನಲ್ಲಿಡಬೇಕು.

ಈಗ ನಾನು ಕೂಸಿನ ಇಡೀ ಮೈಯ ಎಕ್ಸ್‌ರೇ ಕೇಳುತ್ತೇನೆ, ಎರಡೂ ಬದಿ ಹೋಲಿಸುತ್ತೇನೆ, ಕಂಡದ್ದನ್ನು ಮೊದಲು ಬರೆದು ಹೆಸರನ್ನು ಆಮೇಲೆ ಕೊಡುತ್ತೇನೆ. ಕಿರಿಯರಿಗೆ ಹೇಳುವುದು ಇಷ್ಟೇ: ಖಚಿತವಾಗದಿದ್ದರೆ ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದು ಬರೆಯಿರಿ, ತಜ್ಞರನ್ನು ಕೇಳಿರಿ. ಹಾಗೆ ಬರೆಯುವುದರಿಂದ ವೈದ್ಯನ ಮರ್ಯಾದೆ ಕಡಿಮೆಯಾಗುವುದಿಲ್ಲ.