ಮುಂಜಾನೆಗೆ ಘಟ್ಟ, ಸಂಜೆಗೆ ಕಡಲು

ಪಡುವಣಕ್ಕೆ ಕಡಲು, ಮೂಡಣಕ್ಕೆ ಸಹ್ಯಾದ್ರಿ. ಇವೆರಡರ ನಡುವೆ ತೆಂಗು, ಕಂಗು, ಗದ್ದೆ, ಹೊಳೆಗಳಿಂದ ತುಂಬಿದ ಕಿರಿದಾದ ನೆಲ. ಇದೇ ಕನ್ನಡ ನಾಡಿನ ಕರಾವಳಿ. ಕೇರಳದ ಗಡಿಯ ತಲಪಾಡಿಯಿಂದ ಗೋವೆಯ ಗಡಿಯ ಮಾಜಾಳಿಯವರೆಗೆ, ಸುಮಾರು 300 ಕಿಲೋಮೀಟರು, 66ನೆಯ ರಾಷ್ಟ್ರೀಯ ಹೆದ್ದಾರಿಯು ಈ ನೆಲವನ್ನು ಉದ್ದಕ್ಕೂ ಹಾದುಹೋಗುತ್ತದೆ. ಮೋಟಾರು ಸೈಕಲ್ಲಿನ ಮೇಲೆ ಈ ಸೀಮೆಯನ್ನು ನೋಡಬೇಕೆಂದು ಹೊರಡುವ ತರುಣರೂ ನವದಂಪತಿಗಳೂ ಅನೇಕ ವೇಳೆ ಮಾಡುವ ಮೊದಲ ಸಂಕಲ್ಪವೆಂದರೆ, ಹೆದ್ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಗಿಸಿಬಿಡುವುದು. ಸಂಜೆಗೆ ಅವರ ಪಾಲಿಗೆ ಉಳಿಯುವುದು ಸೊಂಟನೋವು, ಲಾರಿಗಳ ಹೊಗೆ ಮತ್ತು ಮೈಲಿಗಲ್ಲುಗಳ ಲೆಕ್ಕ. ಏಕೆಂದರೆ ಹೆದ್ದಾರಿಯ ಬಹುಭಾಗದಲ್ಲಿ ಕಡಲು ಕಣ್ಣಿಗೆ ಬೀಳುವುದೇ ಇಲ್ಲ.

ಕರಾವಳಿಯಲ್ಲಿ ದಾರಿಯನ್ನು ಆರಿಸುವವರು ದೂರಕ್ಕಿಂತ ಮೊದಲು ಹೊತ್ತನ್ನು ನೋಡಬೇಕು. ಹೊತ್ತಿಗಿಂತಲೂ ಮೊದಲು ತಿಂಗಳನ್ನು ನೋಡಬೇಕು.

ಇಲ್ಲಿ ಸೂರ್ಯನು ಘಟ್ಟದ ಹಿಂದಿನಿಂದ ಹುಟ್ಟಿ ಕಡಲಿನಲ್ಲಿ ಮುಳುಗುತ್ತಾನೆ. ಆದ್ದರಿಂದ ಮುಂಜಾನೆಯ ಹೊತ್ತು ಘಟ್ಟದ ಪಶ್ಚಿಮದ ಇಳಿಜಾರು ನೆರಳಿನಲ್ಲಿರುತ್ತದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರಗಳ ಮಾರ್ಗವಾಗಿ ಆಗುಂಬೆಗೆ ಸುಮಾರು 55 ಕಿಲೋಮೀಟರು. ಬೆಳಕು ಹರಿಯುತ್ತಲೇ ಹೊರಟ ಸವಾರನು ಸೋಮೇಶ್ವರದ ಅಭಯಾರಣ್ಯವನ್ನು ತಂಪಿನಲ್ಲೇ ದಾಟಿ, ಬಿಸಿಲೇರುವ ಮುನ್ನ ಘಟ್ಟದ 14 ಕಡಿದಾದ ತಿರುವುಗಳನ್ನು ಹತ್ತಿಬಿಡಬಹುದು. ಒಂದೊಂದು ತಿರುವಿನಲ್ಲಿಯೂ ಕೆಳಗಿನ ಕಾಡು ಇನ್ನಷ್ಟು ಆಳಕ್ಕೆ ಸರಿಯುತ್ತದೆ. ಎಲೆಗಳ ನಡುವೆ ಮಂಜು ಇನ್ನೂ ಕರಗದೆ ನಿಂತಿರುತ್ತದೆ.

ಆದರೆ ಆಗುಂಬೆಯು ಹೆಸರಾಗಿರುವುದು ಸೂರ್ಯಾಸ್ತಕ್ಕೆ. ಸಂಜೆಯ ನೋಟಕಟ್ಟೆಯಲ್ಲಿ ಜನ ಕಿಕ್ಕಿರಿದಿರುತ್ತಾರೆ. ಆ ನೋಟ ಸೊಗಸಾದದ್ದೇ. ಅದರ ಬೆಲೆಯನ್ನು ಸವಾರನು ತೆರುವುದು ಅನಂತರ. ಕತ್ತಲೆಯಲ್ಲಿ, ಕೆಲವು ದಿನ ಮಂಜಿನಲ್ಲಿ, ಎದುರಿನ ದೀಪಗಳು ಕಣ್ಣಿಗೆ ಕುಕ್ಕುತ್ತಿರಲು, ಅದೇ 14 ತಿರುವುಗಳನ್ನು ಅವನು ಇಳಿಯಬೇಕು. ಹಿಂದೆ ಕುಳಿತ ಹೆಂಡತಿಯೋ ತಂಗಿಯೋ ದಾರಿಯುದ್ದಕ್ಕೂ ದೇವರನ್ನು ನೆನೆಯುತ್ತ ಬರುವ ಪ್ರವಾಸವನ್ನು ವಿಹಾರವೆಂದು ಕರೆಯಲಾಗದು. ಆಗುಂಬೆಯ ಸಂಜೆಯನ್ನು ನೋಡಲೇಬೇಕೆಂಬವರು ಆ ರಾತ್ರಿ ಘಟ್ಟದ ಮೇಲೆಯೇ ತಂಗುವುದು ಲೇಸು. ಉಳಿದವರು ಮಧ್ಯಾಹ್ನದೊಳಗೆ ಇಳಿದು, ಸೂರ್ಯಾಸ್ತವನ್ನು ಕಡಲ ದಂಡೆಯಲ್ಲಿ ನೋಡಲಿ.

ಅದಕ್ಕೆ ತಕ್ಕ ದಾರಿಯೊಂದು ಉಡುಪಿಯ ಬಳಿಯಲ್ಲೇ ಇದೆ. ಮಲ್ಪೆಯಿಂದ ಹೂಡೆಯ ಮೂಲಕ ಉತ್ತರಕ್ಕೆ ಸಾಗಿದರೆ ಕೋಡಿಬೆಂಗ್ರೆ. ಹೋದಹೋದಂತೆ ನೆಲ ಕಿರಿದಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಸಾಲು ಮತ್ತು ಮೀನುಗಾರರ ಮನೆಗಳು. ಕೊನೆಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳ ನೀರು ಕಡಲನ್ನು ಸೇರುವ ಅಳಿವೆ. ಊರಿನ ನಡುವೆ ಹಾಯುವ ಕಿರುದಾರಿಯಾದುದರಿಂದ ಇಲ್ಲಿ ವೇಗಕ್ಕೆ ಎಡೆಯಿಲ್ಲ. ಅಂಗಳದಲ್ಲಿ ಬಲೆ ಹೆಣೆಯುವವರೂ ಆಡುವ ಮಕ್ಕಳೂ ಇರುವೆಡೆ ನಿಧಾನವೇ ಮರ್ಯಾದೆ.

ಹೆದ್ದಾರಿಯ ಮೇಲೆಯೇ ಕಡಲನ್ನು ಕಾಣಬೇಕಾದರೆ ಕುಂದಾಪುರದ ಉತ್ತರದ ಮರವಂತೆ ಇದೆ. ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಇಲ್ಲಿಗೆ ಬೆಳಿಗ್ಗೆ ಬರುವುದೇ ಮೇಲು. ಆಗ ಬಿಸಿಲು ಬೆನ್ನಹಿಂದಿನಿಂದ ನೀರಿನ ಮೇಲೆ ಬಿದ್ದು ಕಡಲು ನೀಲಿಯಾಗಿ ಕಾಣುತ್ತದೆ. ಸಂಜೆಯಾದರೆ ಅದೇ ನೀರು ಕಣ್ಣು ಕೋರೈಸುತ್ತದೆ. ಮಧ್ಯಾಹ್ನದ ಕಡಲಗಾಳಿಯು ವಾಹನವನ್ನು ಪಕ್ಕಕ್ಕೆ ತಳ್ಳುವಷ್ಟು ಬಲವಾಗಿ ಬೀಸುವುದೂ ಉಂಟು. ನೋಟಕ್ಕೆ ಮರುಳಾಗಿ ರಸ್ತೆಯ ಅಂಚಿನಲ್ಲಿ ಥಟ್ಟನೆ ನಿಲ್ಲಿಸುವುದು ಅಪಾಯ. ಹಿಂದೆ ಲಾರಿಗಳು ಬರುತ್ತಿರುತ್ತವೆ.

ಇಡೀ ದಿನದ ಬಿಡುವಿರುವವರಿಗೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವೇರಿ ಜೋಗವನ್ನು ಸೇರುವ ಸುಮಾರು 60 ಕಿಲೋಮೀಟರಿನ ದಾರಿ ಒಪ್ಪುತ್ತದೆ. ಮೊದಲು ಶರಾವತಿಯ ದಡ, ಆಮೇಲೆ ದಟ್ಟವಾದ ಕಾಡು, ಕೊನೆಗೆ 253 ಮೀಟರು ಆಳಕ್ಕೆ ಧುಮುಕುವ ಜಲಪಾತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತ ಮೇಲೆ ಜೋಗದ ಬೆಡಗು ಮಳೆಗಾಲವನ್ನೂ ಅಣೆಕಟ್ಟಿನಿಂದ ಬಿಡುವ ನೀರನ್ನೂ ಅವಲಂಬಿಸಿದೆ. ಬೇಸಗೆಯಲ್ಲಿ ಹೋದವರು ಬರಿಯ ಬಂಡೆಯನ್ನು ನೋಡಿ ಮರಳಬೇಕಾಗುತ್ತದೆ.

ತಿಂಗಳಿನ ಮಾತು ಬರುವುದು ಇಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಹಸುರು ಕಣ್ಣಿಗೆ ಹಬ್ಬವಾದರೂ ನೆಲ ನಂಬಿಕೆಗೆ ತಕ್ಕದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಚಹಾದಂಗಡಿಯೊಂದು ಮಣ್ಣುಪಾಲಾಯಿತು. ಲಾರಿಯೊಂದು ಗಂಗಾವಳಿ ನದಿಗೆ ಬಿದ್ದಿತು. ಹಲವರು ಪ್ರಾಣ ಕಳೆದುಕೊಂಡರು. ಮೂರು ವಾರ ಕಳೆದ ಬೆನ್ನಲ್ಲೇ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಹೊರಡುವವರು ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ತಿಳಿದೇ ಹೊರಡಬೇಕು. ಕಡಿದ ಗುಡ್ಡದ ಬುಡದಲ್ಲಿ ಮಳೆ ನಿಲ್ಲಲೆಂದು ಕಾಯಬಾರದು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕಾಡಿನಲ್ಲಿ ಹಸುರೂ ಉಂಟು, ದಾರಿಯೂ ಒಣಗಿರುತ್ತದೆ. ಮಾರ್ಚ್ ಕಳೆದ ಮೇಲೆ ಸೆಕೆ. ಆಗ ಹತ್ತು ಗಂಟೆಯೊಳಗೆ ಸವಾರಿಯನ್ನು ಮುಗಿಸಿ, ನಡುಹಗಲನ್ನು ಎಳನೀರಿಗೋ ಪುನರ್ಪುಳಿಯ ಶರಬತ್ತಿಗೋ ಮೀಸಲಿಡುವುದು ಜಾಣತನ.

ಸೆಕೆಯೆಂದು ಶಿರಸ್ತ್ರಾಣವನ್ನು ಕೈಗೆ ತೂಗಿಕೊಂಡು ಹೋಗುವವರಿದ್ದಾರೆ. ಸವಾರನಿಗೂ ಹಿಂದೆ ಕುಳಿತವರಿಗೂ ಅದು ಕಾನೂನಿನ ಕಟ್ಟಳೆ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಕಾಯುತ್ತಿರುವವರಿಗೆ ಸಲ್ಲಬೇಕಾದ ಋಣ. ಘಟ್ಟ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತದೆ, ಕೆಳಗಿನ ಗೇರಿನಲ್ಲಿ ಇಳಿಯುವುದನ್ನು ರೂಢಿಸಿಕೊಳ್ಳಬೇಕು.

ದಿನಕ್ಕೊಂದು ಘಟ್ಟ, ಒಂದು ಹೊಳೆ, ಒಂದು ಕಡಲ ದಂಡೆ: ಇಷ್ಟು ಸಾಕು. ಇನ್ನೂ ನೋಡಬೇಕಾದದ್ದು ಉಳಿದಿದೆಯೆಂಬ ಆಸೆಯೊಡನೆ ಹಗಲಿರುವಾಗಲೇ ಬಿಡಾರ ಸೇರಿದವರನ್ನು ಕರಾವಳಿ ಮತ್ತೆ ಕರೆಯುತ್ತದೆ.