ಮೇಷ್ಟ್ರ ಕಂಪ್ಯೂಟರ್ ಅಂಗಡಿ

ಕಡೂರು ಬಸ್ ನಿಲ್ದಾಣದ ಆಸುಪಾಸಿನಲ್ಲಿದ್ದ ಮೇಷ್ಟ್ರ ಕಂಪ್ಯೂಟರ್ ರಿಪೇರಿ ಅಂಗಡಿ ಈಗಿಲ್ಲ. ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ಅಜ್ಜಂಪುರದಿಂದ ತಂಗಿಯ ಮಗಳು ಫೋನ್ ಮಾಡಿದಳು: "ಮಾಮ, ಲ್ಯಾಪ್‌ಟಾಪು ಸೈರನ್ ಥರ ಹೊಡ್ಕೊಳ್ತಿದೆ. ವೈರಸ್ ಬಂದಿದೆ, ಆಫ್ ಮಾಡಬೇಡಿ ಅಂತಿದೆ. ಕೆಳಗೊಂದು ನಂಬರ್ ಕೊಟ್ಟಿದಾರೆ, ಮಾಡ್ಲಾ?" ಮೇಷ್ಟ್ರು ಇದ್ದಿದ್ದರೆ ಅವಳು ಹೀಗೆ ಕೇಳಬೇಕಿರಲಿಲ್ಲ.

ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ವಿಂಡೋಸ್ 98, ಎಕ್ಸ್‌ಪಿ ಕಾಲ. ಅಜ್ಜಂಪುರದ ಈರುಳ್ಳಿ ವ್ಯಾಪಾರಿಗಳು ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರೋರು. ತರೀಕೆರೆಯ ಅಡಿಕೆ ಮಂಡಿಯಿಂದ ಬಂದ ಡಬ್ಬವಾದರೆ ಮುಚ್ಚಳ ಬಿಚ್ಚಿ ಬ್ಲೋವರ್ ಹಿಡಿದ ಕೂಡಲೇ ಗೊತ್ತಾಗುತ್ತಿತ್ತು. ಅಡಿಕೆ ಧೂಳಿನ ಒಗರು, ಅದರ ಜೊತೆಗೆ ಬೆಸುಗೆಯ ರಾಳದ ಹೊಗೆ. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

2002ರಲ್ಲಿ "ಕರಡಿಮರಿ ಚಿತ್ರದ ಫೈಲೊಂದನ್ನು ಅಳಿಸಿ, ಅದು ವೈರಸ್" ಎಂಬ ಇಮೇಲ್ ಲೋಕವೆಲ್ಲ ಸುತ್ತಿತು. ಅದು ವಿಂಡೋಸಿನದೇ ಫೈಲು. ಇದರಲ್ಲಿ ವೈರಸ್ಸೇ ಇಲ್ಲ, ಜನರೇ ತಮ್ಮ ಕೈಯಾರೆ ಫೈಲ್ ಅಳಿಸಿಕೊಳ್ಳುತ್ತಾರೆ ಎಂದು ಮೇಷ್ಟ್ರು ಬೇಸರಪಟ್ಟಿದ್ದರು.

ಕೆಲವು ವರ್ಷಗಳ ನಂತರ ಒಮ್ಮೆ ಅವರ ಜೊತೆ ತರೀಕೆರೆಯ ಮಂಡಿಗೆ ಹೋಗಿದ್ದೆ. ಪರದೆಯ ತುಂಬ ಕೆಂಪು ಗುರುತು. ಇಂಟರ್ನೆಟ್ಟಿನ ಪುಟವೊಂದು ಸಿ ಡ್ರೈವ್, ಡಿ ಡ್ರೈವ್ ಎಲ್ಲದರಲ್ಲೂ ವೈರಸ್ ಎಣಿಸುತ್ತಿತ್ತು. ದುಡ್ಡು ಕಟ್ಟಿ ಆಂಟಿವೈರಸ್ ಕೊಳ್ಳಿ ಎಂದು ಕೆಳಗೊಂದು ಗುಂಡಿ. ಗುಮಾಸ್ತರು ಬೆವತಿದ್ದರು. "ಐನೂರು ಕೊಡ್ತೀನಿ, ಫಾರ್ಮ್ಯಾಟ್ ಹೊಡೆದುಬಿಡಿ ಸಾರ್." ಮೇಷ್ಟ್ರು ಇಂಟರ್ನೆಟ್ ತಂತಿ ಕಿತ್ತು, ಮೈ ಕಂಪ್ಯೂಟರ್ ತೆರೆದು ತೋರಿಸಿದರು: "ನಿಮ್ಮ ಮಿಷಿನ್ನಿಗೆ ಡಿ ಡ್ರೈವೇ ಇಲ್ಲ. ಇಲ್ಲದ ಡ್ರೈವಲ್ಲಿ ಈ ಪುಟ ಮಾಡಿದವನಿಗೆ ವೈರಸ್ ಎಲ್ಲಿಂದ ಸಿಕ್ತು?" ಪುಟ ಮುಚ್ಚಿದರು, ಅಷ್ಟೇ. ಗುಮಾಸ್ತರು ಇನ್ನೂರಾದರೂ ತಗೊಳ್ಳಿ ಎಂದರು, ನೂರೈವತ್ತಕ್ಕೆ ಇಳಿದರು. "ಹೆದರಿಕೆಗೆ ದುಡ್ಡು ತಗೊಂಡ್ರೆ ಅವನಿಗೂ ನನಗೂ ಏನ್ ವ್ಯತ್ಯಾಸ?" ಕೊನೆಗೆ ಬಸ್ ಚಾರ್ಜಿಗೆ, ಒಂದು ಕಾಫಿಗೆ ಒಪ್ಪಿದರು.

ರಿಪೇರಿಯವರೆಲ್ಲರೂ ಹಾಗಿದ್ದರು ಎಂದರೆ ಸುಳ್ಳಾಗುತ್ತದೆ. ಏನೇ ಕೆಟ್ಟರೂ ವೈರಸ್ ಎಂದು ಫಾರ್ಮ್ಯಾಟ್ ಹೊಡೆದು, ಮನೆಯವರ ಮದುವೆ ಫೋಟೋಗಳನ್ನೇ ನುಂಗಿಹಾಕಿದ ಅಂಗಡಿಗಳನ್ನೂ ಕಂಡಿದ್ದೇನೆ. ಮೇಷ್ಟ್ರು ಹಾಕುತ್ತಿದ್ದ ವಿಂಡೋಸ್ ಸಿಡಿಯೂ ಕಂಪನಿಯಿಂದ ಕೊಂಡದ್ದಲ್ಲ. ಆದರೆ ಅಂಗಡಿಯವನು ಮೋಸ ಮಾಡಿದರೆ ಹೋಗಿ ಕೇಳಲು ಒಂದು ಬಾಗಿಲಿತ್ತು. ಈಗಿನ ನಂಬರಿಗೆ ಬಾಗಿಲೆಲ್ಲಿದೆ? ಫೋನ್ ಎತ್ತಿದವನು ನಯವಾಗಿ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿಸಿ, ಕಂಪ್ಯೂಟರನ್ನೇ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. 2023ರಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಎಂದು ಇಂಥ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿತು. ವಿದೇಶದ ಜನರನ್ನು ಸುಲಿಯುತ್ತಿದ್ದ ಆ ಕೇಂದ್ರಗಳು ಇದ್ದದ್ದು ನಮ್ಮ ದೇಶದಲ್ಲೇ. ಓದಿ ಕಲಿತ ವಿದ್ಯೆ ಇದಕ್ಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ನಂಬರ್ ಕಂಡರೆ ಅದು ಕಳ್ಳರದು. ತಂಗಿಯ ಮಗಳಿಗೆ ಆಲ್ಟ್, ಎಫ್4 ಒಟ್ಟಿಗೆ ಒತ್ತಲು ಹೇಳಿದೆ. ಪುಟ ಹೋಗಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರ್ ಮುಚ್ಚಿಸಿದೆ. ಸೈರನ್ ನಿಂತಿತು. ಮತ್ತೆ ತೆರೆದಾಗ ಹಳೇ ಪುಟ ವಾಪಸ್ ಬೇಕಾ ಎಂದು ಕೇಳಿದರೆ ಬೇಡ ಅನ್ನು ಎಂದೂ ಹೇಳಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಆ ನಂಬರಿಗೆ ಮಾತಾಡಿಬಿಟ್ಟಿದ್ದರೆ ಬೈಯಬೇಡಿ. ಮೊದಲು ನೆಟ್ ಕಡಿಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಆಗಿಂದಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.