ಕೋಳಿ ಮುಚ್ಚೋ ಹೊತ್ತು

ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ದಿನದ ಕೊನೆಯ ಕೆಲಸ ಕೋಳಿ ಮುಚ್ಚುವುದು. ದನ ಕಟ್ಟಿ, ಹಾಲು ಹಿಂಡಿ, ಒಲೆ ಹೊತ್ತಿಸುವ ಗಡಿಬಿಡಿಯಲ್ಲಿ ಒಂದು ಹ್ಯಾಟಿ ಚಕ್ಕಡಿ ಏರುತ್ತದೆ, ಇನ್ನೊಂದು ಬೇವಿನ ಟೊಂಗೆಗೆ ಹಾರುತ್ತದೆ. ಆಗ ಮನೆಮಂದಿಯೆಲ್ಲ ಕೋಲು ಹಿಡಿದು ಅದರ ಬೆನ್ನು ಹತ್ತುತ್ತಾರೆ. ಹೀಗೆ ಓಡಾಡಿಸಿದರೆ ಗೂಡೆಂದರೇನೇ ಕೋಳಿಗೆ ಭಯ ಹುಟ್ಟುತ್ತದೆ.

ಮರ ಏರುವುದು ಅದರ ಹುಟ್ಟುಗುಣ. ಊರ ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ಇಂದಿಗೂ ರಾತ್ರಿ ಮರದ ಮೇಲೆಯೇ ಕೂರುತ್ತದೆ. ಹಗಲಲ್ಲಿ ನಮಗಿಂತ ಹೆಚ್ಚು ಬಣ್ಣ ಕಾಣುವ ಕಣ್ಣು, ಕತ್ತಲಾಯಿತೆಂದರೆ ಮಂಕಾಗುತ್ತದೆ. ಅದಕ್ಕೇ ಬೆಳಕಿರುವಾಗಲೇ ಎತ್ತರದ ಜಾಗ ಹುಡುಕುತ್ತದೆ. ಗೂಡಿನೊಳಗೆ ಒಂದು ಅಡ್ಡಗೋಲು ಕಟ್ಟಿಕೊಡಿ, ಅರ್ಧ ಕೆಲಸ ಮುಗಿಯಿತು. ಅದು ನೋಡುವುದು ಗಡಿಯಾರವನ್ನಲ್ಲ, ಬೆಳಕನ್ನು: ಹಾವೇರಿಯಲ್ಲಿ ಡಿಸೆಂಬರ್‌ಗೆ ಆರರ ಸುಮಾರಿಗೆ, ಜೂನ್‌ಗೆ ಏಳರ ಸುಮಾರಿಗೆ.

ಸಂತೆಯಿಂದ ತಂದ ಕೋಳಿಯನ್ನು ನಮ್ಮ ಆಯಿ ಒಂದು ವಾರ ಹೊರಗೆ ಬಿಡುತ್ತಿರಲಿಲ್ಲ. “ಅದಕ್ಕ ಮನಿ ತಿಳಿಯೋತನಕ ಬಾಗ್ಲಾ ತಗೀಬ್ಯಾಡ್ರೋ” ಎನ್ನುತ್ತಿದ್ದಳು. ಆಮೇಲೆ ಹೊತ್ತು ಮುಳುಗಲು ತಾಸಿರುವಾಗ ಬಿಡುವುದು. ದಿನಾ ಅದೇ ತಗಡಿನ ಡಬ್ಬಿ, ಅದೇ “ಬಾ ಬಾ ಬಾ”, ಜೋಳದ ನುಚ್ಚು. ನುಚ್ಚನ್ನು ಅಂಗಳದಲ್ಲಿ ಚೆಲ್ಲುತ್ತಿರಲಿಲ್ಲ, ಗೂಡಿನೊಳಗೇ ಹಾಕುತ್ತಿದ್ದಳು. ಡಬ್ಬಿಯ ಸದ್ದಿಗೆ ಬಣವೆಯ ಹಿಂದಿನಿಂದ ಹುಂಜ ಓಡಿ ಬರುವುದನ್ನು ನೋಡಬೇಕು, ರೆಕ್ಕೆ ಬಿಚ್ಚಿ, ಕಾಲು ನೆಲಕ್ಕೆ ಮುಟ್ಟಿಯೂ ಮುಟ್ಟದಂತೆ!

ತಾಯಿಕೋಳಿಯ ಜತೆ ಬೆಳೆದ ಜವಾರಿ ಮರಿಗೆ ಇದನ್ನೆಲ್ಲ ಕಲಿಸಬೇಕಿಲ್ಲ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜನಂಥ ತಳಿಯ ಮರಿಗಳು ಯಂತ್ರದ ಕಾವಿನಲ್ಲಿ ಒಡೆದು ಬರುತ್ತವೆ, ದಾರಿ ತೋರಿಸಲು ತಾಯಿಯಿಲ್ಲ. ಅವುಗಳಿಗೆ ನಾವೇ ತಾಯಿಯಾಗಬೇಕು. ಎಲ್ಲ ಒಳಗೆ ಹೋದ ಮೇಲೂ ಒಂದು ಕೋಳಿ ಬಾಗಿಲಲ್ಲೇ ನಿಂತರೆ ಹಟವೆಂದು ತಿಳಿಯಬೇಡಿ, ಒಳಗೆ ಕುಕ್ಕುವವರಿದ್ದಾರೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಕಟ್ಟುನಿಟ್ಟಿನ ಕ್ರಮವಿದೆಯೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡರಪ್-ಎಬ್ಬೆ 1920ರ ದಶಕದಲ್ಲೇ ಬರೆದಿದ್ದಾನೆ. ಇನ್ನೊಂದು ಅಡ್ಡಗೋಲು ಕಟ್ಟಿದರೆ ಜಗಳ ತಗ್ಗುತ್ತದೆ.

ಕೋಳಿಯ ಮಾತು ಬಂದಮೇಲೆ ಮೆಣಸಿನಕಾಯಿ ಬಿಡಲಾಗದು. ಕಣದಲ್ಲಿ ಒಣಹಾಕಿದ ಬ್ಯಾಡಗಿ ಕಾಯಿಯ ಮೇಲೆ ಅಡ್ಡಾಡುತ್ತ ಬೀಜ ಹೆಕ್ಕುವ ಕೋಳಿಗೆ ಕಣ್ಣಲ್ಲಿ ನೀರು ಬರುವುದಿಲ್ಲ. ನಮ್ಮ ನಾಲಿಗೆ ಉರಿಸುವ ಖಾರ ಹಕ್ಕಿಗಳ ನರಕ್ಕೆ ತಾಗುವುದೇ ಇಲ್ಲ. ಬ್ಯಾಡಗಿ ಕಾಯಿಯ ಹೆಸರು ಖಾರಕ್ಕಿಂತ ಬಣ್ಣಕ್ಕೆ. ಮೆಣಸಿನಕಾಯಿಯ ಆ ಕೆಂಪು, ಅದನ್ನು ತಿಂದ ಕೋಳಿಯ ಮೊಟ್ಟೆಯ ಭಂಡಾರಕ್ಕೂ ಇಳಿಯುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನವರಿಗೆ ಕೋಳಿ ಮುಚ್ಚುವ ಕೆಲಸ ಇನ್ನೂ ಮುಖ್ಯ. 1974ರಲ್ಲಿ ಘೋಷಣೆಯಾದ ಆ ಕಾಡಿನಲ್ಲಿ ಜಿಂಕೆಯಷ್ಟೇ ಅಲ್ಲ, ತೋಳ, ನರಿಗಳೂ ಇವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆ ಅವಕ್ಕೂ ಇದೆ. ಆದರೆ ಕೋಳಿ ಕಳೆದುಕೊಂಡವರು ಆ ಸಿಟ್ಟಿಗೆ ವಿಷವಿಟ್ಟರೆ ತೋಳವೂ ಹೋಗುತ್ತದೆ, ಊರ ನಾಯಿಯೂ ಹೋಗುತ್ತದೆ. ಅದರ ಬದಲು ಮರ ಏರಿದ ಕೋಳಿಯನ್ನು ಕತ್ತಲಾದ ಮೇಲೆ ಮೆಲ್ಲಗೆ ಇಳಿಸಿ ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಿ. ನಾಲ್ಕಾರು ದಿನದಲ್ಲಿ ತಾನೇ ಬರುತ್ತದೆ. ಚಿಲಕ ಹಾಕುವ ಮುಂಚೆ ಒಮ್ಮೆ ಎಣಿಸಿ.